ಲೇತ್ ಅಪ್ರೆಂಟಿಸ್‌ನ ಕೈಪರೀಕ್ಷೆ: ಮಾತು ಬೇಡ, ಮುಖಭಾವವೂ ಬೇಡ

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಹೊಸಬರಿಗೆ ಲೇತ್ (ಲೋಹದ ತುಂಡನ್ನು ತಿರುಗಿಸುತ್ತ ಕೊರೆಯುವ ಯಂತ್ರ) ಕಲಿಸುವ ನುರಿತ ಕೈಗಳಿಗೆ ಕೊರತೆಯಿಲ್ಲ. ಕಲಿತದ್ದನ್ನು ಪರೀಕ್ಷಿಸುವಾಗಲೇ ಎಡವುತ್ತಾರೆ.

ಕಲಿಸುವುದು ಸರಳ: ಮಾಡಿ ತೋರಿಸಿ, ಮಾಡಿಸಿ, ಮಾಡುತ್ತಲೇ ಅವನ ಬಾಯಲ್ಲಿ ಹೇಳಿಸಿ. ಚಕ್‌ಗೆ (ತುಂಡನ್ನು ಹಿಡಿಯುವ ಭಾಗಕ್ಕೆ) ಸಿಕ್ಕಿಸಿದ ಕೀಲಿಯನ್ನು ಬಿಟ್ಟು ಕೈ ತೆಗೆಯಬಾರದು, ತಿರುಗುವ ಜಾಬ್ (ಕೆಲಸದ ತುಂಡು) ಹತ್ತಿರ ಕೈಗವಸು ಸಲ್ಲದು. ಇವೆರಡು ಮೊದಲ ದಿನವೇ ಆಗಲಿ.

ಪರೀಕ್ಷೆಗೆ ಡ್ರಾಯಿಂಗ್ ಜತೆ ಐದು ಉಕ್ಕಿನ ತುಂಡು ಕೊಡಿ. ಒಂದೇ ಆದರೆ ಅದೃಷ್ಟದಿಂದಲೂ ಸರಿಬಂದೀತು. ವ್ಯಾಸ 25 ಮಿ.ಮೀ., 0.02ರಷ್ಟು ಹೆಚ್ಚಾದರೂ ಕಡಿಮೆಯಾದರೂ ಸರಿ. ಅಗ್ಗದ ಡಿಜಿಟಲ್ ಕ್ಯಾಲಿಪರ್ ಬೇಡವೇ ಬೇಡ, 0.01 ಓದುವ ಮೈಕ್ರೊಮೀಟರ್ ಕೊಡಿ.

ಈಗ ಕಷ್ಟದ ಭಾಗ. ಒಂದು ಕಡೆ ನಾನೇ ನೋಡಿದ್ದೇನೆ: ಹುಡುಗ ಉಳಿಯನ್ನು ಸರಿಸುವ ಹಿಡಿಕೆ ತಿರುಗಿಸುವ ಮುನ್ನ ಪ್ರತಿ ಸಲ ಮೇಸ್ತ್ರಿಯ ಮುಖ ನೋಡುತ್ತಿದ್ದ. ಮೇಸ್ತ್ರಿ ಹುಬ್ಬೇರಿಸಿದರೆ ಕೈ ನಿಲ್ಲುತ್ತಿತ್ತು, ತಲೆಯಾಡಿಸಿದರೆ ಮುಂದುವರಿಯುತ್ತಿತ್ತು. ಐದೂ ಸರಿಬಂದವು. ಮರುವಾರ ಮೇಸ್ತ್ರಿ ರಜೆ ಹಾಕಿದಾಗ ಒಂದೂ ಬರಲಿಲ್ಲ. ಆದ್ದರಿಂದ ಕಲಿಸಿದವರು ಪರೀಕ್ಷಿಸಬಾರದು. ಪರೀಕ್ಷಿಸುವವರು ಹಿಂದೆ, ಓರೆಗೆ ನಿಲ್ಲಲಿ. ಅಪಾಯ ಕಂಡರೆ ಮಾತ್ರ ಬಾಯಿ ಬಿಡಲಿ.

ಕಣ್ಣು ಅವನ ಕೈಯ ಮೇಲಿರಲಿ. ಅಳೆಯುವ ಮೊದಲು ಯಂತ್ರ ನಿಲ್ಲಿಸಿ ಜಾಬ್ ಒರೆಸಿದನೇ? ಮೈಕ್ರೊಮೀಟರಿನ ಸೊನ್ನೆ ನೋಡಿದನೇ? ಬಿಗಿತ ಮಿತಿಯಲ್ಲಿಡುವ ಅದರ ತುದಿಯ ರ‍್ಯಾಚೆಟ್ ಬಿಟ್ಟು ಬೆರಳಲ್ಲಿ ಬಿಗಿದನೇ? ಬಿಸಿ ಜಾಬನ್ನೇ ಅಳೆದನೇ? ನಲವತ್ತು ಡಿಗ್ರಿ ಹೆಚ್ಚು ಬಿಸಿಯಾದರೆ 25 ಮಿ.ಮೀ. ಉಕ್ಕು 0.01ಕ್ಕಿಂತ ತುಸು ಹೆಚ್ಚೇ ಉಬ್ಬುತ್ತದೆ. ಬಿಸಿಯಲ್ಲಿ ಸರಿಯಿದ್ದದ್ದು ಆರಿದ ಮೇಲೆ ಸಣ್ಣದಾಗಬಹುದು. ಹಿಡಿಕೆ ಒಂದು ಗೆರೆ ಮುಂದೆ ಹೋದರೆ ಒಂದೇ ಗೆರೆ ಹಿಂದೆ ತಂದರೆ ಸಾಲದು, ಸ್ಕ್ರೂವಿನಲ್ಲಿ ಸಡಿಲವಿರುತ್ತದೆ. ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬರಬೇಕು. ಇದನ್ನು ಕೇಳದೇ ಮಾಡಿದವನಿಗೆ ಕೈ ಕುದುರಿದೆ ಎಂದರ್ಥ.

ಮುಗಿದ ಮೇಲೆ ಅವನ ಅಳತೆ ನೋಡದೆ ನೀವೇ ಅಳೆದು ಬರೆಯಿರಿ, ಆಮೇಲೆ ಎರಡನ್ನೂ ಹೋಲಿಸಿ. ಮೊಬೈಲ್‌ನಲ್ಲಿ ಹತ್ತು ಪ್ರಶ್ನೆ ಕೇಳಿ ಪ್ರಮಾಣಪತ್ರ ಕೊಡುವ ಆ್ಯಪ್‌ಗಳು ಇದಕ್ಕೆ ಬದಲಿಯಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯಂತೆ ಪ್ರಗತಿಯ ದಾಖಲೆ ಇಡಲೇಬೇಕು. ಬರೀ ಅಂಕ ಬೇಡ. ‘ಎರಡನೆಯ ತುಂಡನ್ನು ಬಿಸಿಯಲ್ಲೇ ಅಳೆದ’ ಎಂದು ಬರೆಯಿರಿ. ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆಂದು ವೃತ್ತ ತುಂಬಿ ತೋರಿಸುವ ಗೋಡೆಯ ಕೌಶಲ ಪಟ್ಟಿಯಲ್ಲಿ ಅವನ ವೃತ್ತದ ಅರ್ಧ ಮಾತ್ರ ತುಂಬಿ. ತಿಂಗಳಾದ ಮೇಲೆ ಮುನ್ಸೂಚನೆಯಿಲ್ಲದೆ ಅದೇ ಡ್ರಾಯಿಂಗ್ ಕೊಡಿ. ಆಗಲೂ ಐದೂ ಬಂದರೆ ಮುಕ್ಕಾಲು. ಉಳಿದ ಕಾಲುಭಾಗವನ್ನು ಅವನು ಇನ್ನೊಬ್ಬ ಹೊಸಬನಿಗೆ ಕಲಿಸಿದ ದಿನ ತುಂಬಿ.