ಕುರಾನಿನ ಕಥೆ ಹಳೆಯ ಗ್ರಂಥದಿಂದ ಬಂದಿದ್ದಾ? ನೀವೇ ಪರೀಕ್ಷೆ ಮಾಡುವುದು ಹೇಗೆ

"ಕುರಾನಿನಲ್ಲಿರುವುದೆಲ್ಲ ಬೈಬಲ್‌ನಿಂದ ಕದ್ದದ್ದು" ಅಂತ ಒಬ್ಬರು. "ಒಂದು ಸಾಲಿಗೂ ಹಿಂದಿನ ಗ್ರಂಥಗಳ ಸಂಬಂಧವಿಲ್ಲ" ಅಂತ ಇನ್ನೊಬ್ಬರು. ಹೀಗೆ ಜಗಳವಾಡುವ ಹೆಚ್ಚಿನವರು ಎರಡೂ ಪುಸ್ತಕ ತೆರೆದಿರುವುದಿಲ್ಲ, ಅದು ಬೇರೆ ಮಾತು. ಇಡೀ ಗ್ರಂಥದ ಮೇಲೆ ಒಂದೇ ಏಟಿಗೆ ತೀರ್ಪು ಕೊಡಲು ಹೋಗಬೇಡಿ. ಒಂದು ಕಥೆ ಹಿಡಿಯಿರಿ, ಅದನ್ನು ಮಾತ್ರ ನೋಡಿ. ಶುರುವಿಗೆ ಕಾಯಿನ ಮತ್ತು ಹೇಬೆಲನ ಕಥೆ ಒಳ್ಳೆಯದು.

ಮೊದಲು ಮೂಲ ಓದಿ. ಕುರಾನಿಗೆ ಕನ್ನಡ ಅನುವಾದಗಳಿವೆ, ಬೈಬಲ್ ಅಂದರೆ ಸತ್ಯವೇದ ಇದ್ದೇ ಇದೆ. ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡದ 4ನೇ ಅಧ್ಯಾಯವನ್ನೂ ಕುರಾನಿನ 5ನೇ ಸೂರಾದ (ಅಧ್ಯಾಯದ) 27ರಿಂದ 32ರವರೆಗಿನ ವಚನಗಳನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಇಬ್ಬರು ಅಣ್ಣತಮ್ಮಂದಿರು, ಇಬ್ಬರ ಕಾಣಿಕೆ, ಒಬ್ಬನದು ಮಾತ್ರ ಸ್ವೀಕಾರ, ಆಮೇಲೆ ಕೊಲೆ. ಇಲ್ಲಿಯವರೆಗೆ ಎರಡೂ ಒಂದೇ, ಕುರಾನ್ ಹೆಸರು ಹೇಳುವುದಿಲ್ಲ ಅಷ್ಟೆ. ಆದರೆ ಕುರಾನಿನಲ್ಲಿ ಜಾಸ್ತಿ ಇರುವುದರಲ್ಲಿ ಎರಡು ವಿಷಯ ನೋಡಿ. ಹೆಣವನ್ನು ಏನು ಮಾಡಬೇಕೆಂದು ತೋರಿಸಲು ಒಂದು ಕಾಗೆ ಬಂದು ನೆಲ ಕೆದಕುತ್ತದೆ. ಇನ್ನೊಂದು, ಒಬ್ಬನನ್ನು ಅನ್ಯಾಯವಾಗಿ ಕೊಂದರೆ ಎಲ್ಲ ಮನುಷ್ಯರನ್ನು ಕೊಂದ ಹಾಗೆ, ಒಬ್ಬನ ಜೀವ ಉಳಿಸಿದರೆ ಎಲ್ಲರನ್ನೂ ಉಳಿಸಿದ ಹಾಗೆ ಅನ್ನುವ ಮಾತು.

ಎರಡೂ ಬೈಬಲ್‌ನಲ್ಲಿಲ್ಲ. ಹುಡುಕಬೇಕಾದದ್ದು ಯಹೂದಿ ರಬ್ಬಿಗಳ, ಅಂದರೆ ಧರ್ಮಗುರುಗಳ ಬರಹಗಳಲ್ಲಿ. ಒಂದು ಜೀವದ ಮಾತು ರಬ್ಬಿಗಳ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ಸಿಗುತ್ತದೆ, ಸನ್ಹೆಡ್ರಿನ್ ಭಾಗ, 4:5. ಮರಣದಂಡನೆಯ ಮೊಕದ್ದಮೆಯಲ್ಲಿ ಸಾಕ್ಷಿಗಳನ್ನು ಎಚ್ಚರಿಸುವಾಗ ಹೇಳಬೇಕಾದ ಮಾತು ಅದು, ಅಲ್ಲೂ ಕಾಯಿನನ ಪ್ರಸಂಗವೇ ಉದಾಹರಣೆ. ಮಿಷ್ನಾ ಸಂಗ್ರಹವಾದದ್ದು ಕ್ರಿ.ಶ. 200ರ ಸುಮಾರಿಗೆ, ಅಂದರೆ ಕುರಾನಿಗಿಂತ ನಾಲ್ಕು ಶತಮಾನ ಹಿಂದೆ. ಇನ್ನೇನು, ಸಿಕ್ಕಿಬಿದ್ದ ಅಂತ ಕುಣಿಯುವ ಮೊದಲು ಕುರಾನಿನ ಆ ವಚನದ (5:32) ಆರಂಭ ಓದಿ. "ಇಸ್ರಾಯೇಲರ ಸಂತತಿಗೆ ನಾವು ಹೀಗೆ ವಿಧಿಸಿದ್ದೆವು" ಎಂದೇ ಶುರುವಾಗುತ್ತದೆ. ಯಹೂದಿಗಳ ಹತ್ತಿರ ಇದ್ದ ಮಾತು ಅನ್ನುವುದನ್ನು ಕುರಾನ್ ಮುಚ್ಚಿಡುತ್ತಿಲ್ಲ.

ಈಗ ಕಾಗೆ. ಪಿರ್ಕೆ ಡಿ ರಬ್ಬಿ ಎಲಿಯೆಜರ್ ಅನ್ನುವ ಹೀಬ್ರೂ ಗ್ರಂಥದಲ್ಲಿ ಸತ್ತ ಜೊತೆಗಾರನನ್ನು ಹೂಳುವ ಕಾಗೆ ಬರುತ್ತದೆ, ಅದನ್ನು ನೋಡಿ ಕಲಿಯುವವನು ಮಾತ್ರ ಆದಾಮ. ಇದನ್ನೇ ಮೂಲ ಎಂದು ತೋರಿಸುವವರು ಬಹಳ ಜನ. ಆದರೆ ಅದೇ ಪುಸ್ತಕದ ಇನ್ನೊಂದು ಅಧ್ಯಾಯದಲ್ಲಿ ಅಬ್ರಹಾಮನ ಮಗ ಇಷ್ಮಾಯೇಲನ ಹೆಂಡತಿಯರ ಹೆಸರು ಏನು ಗೊತ್ತಾ? ಆಯಿಷಾ ಮತ್ತು ಫಾತಿಮಾ! ಪ್ರವಾದಿ ಮುಹಮ್ಮದರ ಹೆಂಡತಿ ಮತ್ತು ಮಗಳ ಹೆಸರುಗಳು. ಈ ಗ್ರಂಥ ಈಗಿನ ರೂಪಕ್ಕೆ ಬಂದದ್ದು 8ನೇ ಶತಮಾನದ ಆಸುಪಾಸಿನಲ್ಲಿ, ಇಸ್ಲಾಂ ಬಂದ ಮೇಲೆ. ಹಾಗಾದರೆ ಯಾರಿಂದ ಯಾರಿಗೆ? ಕಾಗೆಯ ಕಥೆ ಅದಕ್ಕೂ ಹಳೆಯದಿರಬಹುದು, ಆದರೆ ಈ ಪುಸ್ತಕ ಅದಕ್ಕೆ ಪುರಾವೆ ಆಗುವುದಿಲ್ಲ. ಹೋಲಿಕೆ ಕಂಡ ಕೂಡಲೇ ಕಾಲ ಕೇಳಿ, ಅರ್ಧ ವಾದ ಅಲ್ಲೇ ಬಿದ್ದುಹೋಗುತ್ತದೆ.

ಕಾಲ ಸರಿಹೋದರೆ ದಾರಿ ಹುಡುಕಿ. ಮುಂದೆ ಪುಸ್ತಕ ಇಟ್ಟುಕೊಂಡು ನಕಲು ಮಾಡಿದ ಚಿತ್ರ ಕಟ್ಟಿಕೊಳ್ಳಬೇಡಿ. ಇಸ್ಲಾಮಿಗೆ ಮುಂಚಿನ ಪೂರ್ತಿ ಅರಬ್ಬಿ ಬೈಬಲ್ ಇದುವರೆಗೆ ಸಿಕ್ಕಿಲ್ಲ. ಆದರೆ ಮದೀನಾದಲ್ಲಿ ಯಹೂದಿಗಳಿದ್ದರು, ಅರೇಬಿಯಾದ ದಕ್ಷಿಣದ ನಜ್ರಾನಿನಲ್ಲಿ ಕ್ರೈಸ್ತರಿದ್ದರು, ಕಥೆಗಳು ಬಾಯಿಂದ ಬಾಯಿಗೆ ಓಡಾಡುತ್ತಿದ್ದವು. ಎಫೆಸದ ಗುಹೆಯಲ್ಲಿ ಮಲಗಿದ ಯುವಕರ ಕಥೆಯನ್ನು 521ರಲ್ಲಿ ತೀರಿಕೊಂಡ ಸಿರಿಯಾಕ್ (ಆ ಕಡೆಯ ಕ್ರೈಸ್ತರು ಬಳಸುತ್ತಿದ್ದ ಭಾಷೆ) ಕವಿ ಸೆರೂಗಿನ ಯಾಕೋಬ್ ಪದ್ಯವಾಗಿ ಬರೆದಿದ್ದ. ಅದೇ ಕಥೆ ಹೇಳುವ 18ನೇ ಸೂರಾದ 22ನೇ ವಚನ ನೋಡಿ: ಅವರು ಮೂವರು, ನಾಲ್ಕನೆಯದು ನಾಯಿ ಅಂತಾರೆ, ಐವರು, ಆರನೆಯದು ನಾಯಿ ಅಂತಾರೆ, ಏಳು ಜನ, ಎಂಟನೆಯದು ನಾಯಿ ಅಂತಾರೆ. ಕೇಳುತ್ತಿದ್ದ ಜನರಿಗೆ ಕಥೆ ಮೊದಲೇ ಗೊತ್ತಿತ್ತು, ಅವರು ಲೆಕ್ಕದ ಬಗ್ಗೆ ಜಗಳವನ್ನೂ ಆಡುತ್ತಿದ್ದರು.

ಆಮೇಲೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಬದಲಾದದ್ದೇನು? ಜೈನ ರಾಮಾಯಣಗಳಲ್ಲಿ ರಾವಣನನ್ನು ಕೊಲ್ಲುವುದು ಲಕ್ಷ್ಮಣ. ಅದನ್ನು ಓದಿ "ವಾಲ್ಮೀಕಿಯಿಂದ ಕದ್ದರು" ಅಂತ ಸುಮ್ನೆ ನಿಲ್ಲಿಸುತ್ತೇವಾ? ಯಾಕೆ ಬದಲಾಯಿಸಿದರು ಅಂತ ಕೇಳುತ್ತೇವೆ ಅಲ್ವಾ. ಇಲ್ಲೂ ಹಾಗೇ ಕೇಳಿ. ಬೈಬಲ್‌ಗೆ ಸೇರದ, ತೋಮನ ಹೆಸರಿನ ಬಾಲ್ಯ ಸುವಾರ್ತೆಯಲ್ಲಿ ಐದು ವರ್ಷದ ಯೇಸು, ಯಹೂದಿಗಳು ಕೆಲಸ ಮಾಡಬಾರದ ಸಬ್ಬತ್ ದಿನ, ಮಣ್ಣಿನಲ್ಲಿ 12 ಗುಬ್ಬಚ್ಚಿ ಮಾಡುತ್ತಾನೆ, ದೂರು ಬಂದಾಗ ಚಪ್ಪಾಳೆ ತಟ್ಟಿ ಹಾರಿಸಿಬಿಡುತ್ತಾನೆ. ಕುರಾನಿನಲ್ಲಿ (3:49, 5:110) ಸಬ್ಬತ್ತೂ ಇಲ್ಲ, ದೂರೂ ಇಲ್ಲ. ಈಸಾ, ಅಂದರೆ ಯೇಸು, ಊದಿದಾಗ ಅದು ಹಕ್ಕಿಯಾಗುತ್ತದೆ, "ದೇವರ ಅಪ್ಪಣೆಯಿಂದ". ತುಂಟ ಹುಡುಗನ ಪವಾಡದ ಕಥೆ ಪ್ರವಾದಿಯ ಗುರುತಿನ ಕಥೆಯಾಗಿದೆ, ಶಕ್ತಿ ಯಾರದ್ದು ಅನ್ನುವುದೂ ಸ್ಪಷ್ಟವಾಗಿದೆ.

ಈ ಆರೋಪ ಹೊಸದು ಅಂದುಕೊಳ್ಳಬೇಡಿ. ಯಹೂದಿ ವಿದ್ವಾಂಸ ಅಬ್ರಹಾಂ ಗೈಗರ್ ಜರ್ಮನಿಯಲ್ಲಿ ಇದರ ಬಗ್ಗೆ ಪುಸ್ತಕ ಬರೆದದ್ದು 1833ರಲ್ಲಿ. ಅದಕ್ಕೂ ಎಷ್ಟೋ ಮುಂಚೆ, "ಇವು ಹಿಂದಿನವರ ಕಟ್ಟುಕಥೆಗಳು, ಬರೆಸಿಕೊಂಡಿದ್ದಾನೆ" ಅಂತ ವಿರೋಧಿಗಳು ಪ್ರವಾದಿಯ ಎದುರೇ ಹೇಳುತ್ತಿದ್ದುದನ್ನು ಕುರಾನೇ ದಾಖಲಿಸುತ್ತದೆ (25:5). ಮುಸ್ಲಿಮರ ಉತ್ತರ ನೇರ: ತೌರಾತ್ (ಮೋಶೆಯ ಗ್ರಂಥ), ಇಂಜೀಲ್ (ಯೇಸುವಿನ ಸುವಾರ್ತೆ) ಕಳಿಸಿದ ದೇವರೇ ಇದನ್ನೂ ಕಳಿಸಿದ್ದು, ಹಾಗಾಗಿ ಹೋಲಿಕೆ ಇರಲೇಬೇಕು. ಇತಿಹಾಸಕಾರರು ಕಾಲ ಮತ್ತು ದಾರಿಯನ್ನು ತೋರಿಸಬಹುದು, ಆದರೆ ಈ ನಂಬಿಕೆಯನ್ನು ಸರಿ ಅಂತಲೂ ತಪ್ಪು ಅಂತಲೂ ಅದರಿಂದ ಸಾಧಿಸಲು ಆಗುವುದಿಲ್ಲ. ಚರ್ಚೆಗೆ ಕೂತಾಗ ಇವೆರಡನ್ನು ಬೆರೆಸಬೇಡಿ.

ಕೈ ಪಳಗಿದ ಮೇಲೆ 18ನೇ ಸೂರಾದಲ್ಲಿ ಬರುವ ದುಲ್‌ಕರ್ನೈನ್ ಎಂಬ ರಾಜನ ಕಥೆ ಎತ್ತಿಕೊಳ್ಳಿ. ಸಿರಿಯಾಕ್ ಭಾಷೆಯ ಅಲೆಕ್ಸಾಂಡರ್ ಕಥೆಗೂ ಇದಕ್ಕೂ ತುಂಬಾ ಹತ್ತಿರ. ಆದರೆ ಆ ಸಿರಿಯಾಕ್ ಕಥೆಯ ಕಾಲವನ್ನು ಅನೇಕ ವಿದ್ವಾಂಸರು 629–630 ಎನ್ನುತ್ತಾರೆ, ಪ್ರವಾದಿ ತೀರಿಕೊಂಡದ್ದು 632ರಲ್ಲಿ. ಯಾವುದು ಮೊದಲು, ಅಥವಾ ಎರಡಕ್ಕೂ ಇನ್ನೊಂದು ಹಳೆಯ ಮೂಲವಿತ್ತಾ ಅಂತ ಅವರೇ ಇನ್ನೂ ಕಿತ್ತಾಡುತ್ತಿದ್ದಾರೆ.