ಅಮ್ಮನನ್ನು ಒಬ್ಬನೇ ಎತ್ತಿ ಕೂರಿಸುತ್ತಿದ್ದೇನೆ: ನನ್ನ ಅನುಭವ

ಪೇಷೆಂಟ್ ಲಿಫ್ಟ್ (ಮಲಗಿದವರನ್ನು ಜೋಲಿಯಲ್ಲಿ ಎತ್ತಿ ಇಳಿಸುವ ಗಾಲಿಯ ಸಾಧನ) ಆಸ್ಪತ್ರೆ ಸಾಮಾನು, ಮನೆಗೆ ಸರಿಹೋಗಲ್ಲ ಅಂತ ನಮ್ಮ ಭಾವ ಹೇಳಿದ್ದರು. ಫಿಸಿಯೋಗೂ ನಂಬಿಕೆ ಇರಲಿಲ್ಲ. ಈಗ ಎಂಟು ತಿಂಗಳಿಂದ ನಾನೊಬ್ಬನೇ ಅಮ್ಮನನ್ನು ಮಂಚದಿಂದ ಕುರ್ಚಿಗೆ ಇಳಿಸುತ್ತಿದ್ದೇನೆ. ಏಳೆಂಟು ನಿಮಿಷದ ಕೆಲಸ. ಒಂದು ಸಲವೂ ಬೀಳಿಸಿಲ್ಲ.

ಲಕ್ವ ಹೊಡೆದು ಅಮ್ಮನ ಎಡಭಾಗಕ್ಕೆ ಸ್ವಾಧೀನ ಇಲ್ಲ. ತೂಕ 80 ಕೆಜಿ ಹತ್ತಿರ. ಮೊದಮೊದಲು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಎತ್ತುತ್ತಿದ್ದೆವು. ಒಂದು ದಿನ ಅವಸರದಲ್ಲಿ ಕಂಕುಳಿಗೆ ಕೈ ಹಾಕಿ ಎಳೆದೆ. ಎಡಭುಜ ಸಂದಿಯಿಂದ ಜಾರಿತು. ಹಾಗೆ ಎಳೆಯಬಾರದು ಅಂತ ಗೊತ್ತಿತ್ತು, ಆದರೂ ಎಳೆದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದೇ ವಾರ ನನ್ನ ಹೆಂಡತಿಯ ಸೊಂಟ ಹಿಡಿಯಿತು.

ಆಮೇಲೆ ನಡುಮನೆಯ ಉಯ್ಯಾಲೆ ಕೊಂಡಿಗೆ ಚೈನ್ ಬ್ಲಾಕ್ (ಭಾರ ಎತ್ತುವ ಸರಪಳಿ ರಾಟೆ) ಹಾಕಿದೆ. ಅಮ್ಮನ ಬದಲು 25 ಕೆಜಿಯ ನಾಲ್ಕು ಅಕ್ಕಿ ಮೂಟೆ ಕಟ್ಟಿ ನೋಡಿದೆ. ಏರಿತು, ಆದರೆ ಇಳಿಸುವಾಗ ಜಗ್ಗಿ ಜಗ್ಗಿ ತೂಗಾಡಿತು. ಆ ಕೊಂಡಿ ಇಂಥ ಕೆಲಸಕ್ಕೆ ಹಾಕಿದ್ದೂ ಅಲ್ಲ. ಬಿಚ್ಚಿಟ್ಟೆ. ನಾಲ್ಕೂವರೆ ಸಾವಿರ ಹೋಯಿತು.

ಹೈಡ್ರಾಲಿಕ್ ಲಿಫ್ಟ್ ಸೆಕೆಂಡ್ ಹ್ಯಾಂಡ್ ಸುಮಾರು 22 ಸಾವಿರಕ್ಕೆ ಸಿಕ್ಕಿತು. ಮನೆಗೆ ತಂದರೆ ಅದರ ಕಾಲು ದಿವಾನದ ಕೆಳಗೆ ಹೋಗಲೇ ಇಲ್ಲ! ದಿವಾನ ತೆಗೆದು ಹಳೇ ಮರದ ಮಂಚ ಹಾಕಿದೆ. ಬಡಗಿಯಿಂದ ಐದು ಇಂಚಿನ ದಿಮ್ಮಿ ಮಾಡಿಸಿ ಕಾಲಿಗೆ ಕೊಟ್ಟೆ. ಮಂಚದ ಕಾಲು ಜಾರದಂತೆ ದಿಮ್ಮಿಯ ಮೇಲೆ ಗುಳಿ ತೋಡಿಸಿದೆ. 1,200 ರೂಪಾಯಿ. ಇಡೀ ಕೆಲಸ ಕೂಡಿ ಬಂದಿದ್ದು ಇದರಿಂದಲೇ.

ಇನ್ನೊಂದು ತಪ್ಪು ಮಾಡಿದ್ದೆ. ಭದ್ರವಾಗಿರಲಿ ಅಂತ ಎತ್ತುವಾಗ ಲಿಫ್ಟಿನ ಗಾಲಿಗೆ ಬ್ರೇಕ್ ಹಾಕುತ್ತಿದ್ದೆ. ಭಾರ ಏರಿದಂತೆ ಲಿಫ್ಟ್ ತಾನಾಗಿ ಸರಿದು ನೇರ ಆಗಬೇಕು, ಬ್ರೇಕ್ ಹಾಕಿದರೆ ವಾಲುತ್ತದೆ. ನಮ್ಮ ಲಿಫ್ಟಿಗೆ ಈಗ ಕಾಲು ಅಗಲ ಮಾಡಿ, ಗಾಲಿ ಬಿಟ್ಟೇ ಎತ್ತುತ್ತೇನೆ. ಕುರ್ಚಿಗೆ ಮಾತ್ರ ಬ್ರೇಕ್. ಸ್ಲಿಂಗಿನ (ಅಮ್ಮನನ್ನು ಹೊರುವ ಬಟ್ಟೆಯ ಜೋಲಿ) ಭುಜದ ಕಡೆ ಗಿಡ್ಡ ಕುಣಿಕೆ, ತೊಡೆ ಕಡೆ ಉದ್ದದ್ದು ಸಿಕ್ಕಿಸಿದರೆ ಕೂತ ಹಾಗೇ ಇಳಿಯುತ್ತಾರೆ. ಅಮ್ಮ ತೂಗುತ್ತಿರುವಾಗ ಹೊಸ್ತಿಲು ದಾಟಿಸುವುದಿಲ್ಲ. ರೂಮಿನಲ್ಲೇ ವೀಲ್‌ಚೇರಿಗೆ ಇಳಿಸಿ ಜಗಲಿಗೆ ಕರೆದೊಯ್ಯುತ್ತೇನೆ.

ಮೊದಲ ದಿನ ಅಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿ ನನ್ನ ಅಂಗಿ ಹಿಡಿದುಕೊಂಡಿದ್ದರು. ಹಿಮ್ಮಡಿ ಹಾಸಿಗೆಯಿಂದ ಮೇಲೆದ್ದಾಗ "ಬೀಳಿಸ್ಬೇಡ ಕಣೋ" ಅಂದರು. ನಾನು ಇಳಿಸುವ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸಿದೆ. ಕುರ್ಚಿ ಮುಟ್ಟಿದ್ದು ಗೊತ್ತಾದ ಮೇಲೆ ಅಂಗಿ ಬಿಟ್ಟರು.

ಸ್ಲಿಂಗ್ ಕೆಳಗೆ ತೂರಿಸಲು ಛತ್ರಿ ಬಟ್ಟೆಯಲ್ಲಿ ಕೊಳವೆ ಥರ ಒಂದು ಜಾರುಹಾಸು ಹೊಲಿಸಿದ್ದೇನೆ, 350 ರೂಪಾಯಿ. ಮಗ್ಗುಲು ಬದಲಿಸಲೂ ಅದೇ. ಹೊಲಿಗೆ ಎಲ್ಲಿ ಬರಬೇಕು ಅನ್ನೋದು ನಾಲ್ಕು ಸಲ ಬಿಚ್ಚಿ ಕಲಿತದ್ದು, ಅದೊಂದು ಸದ್ಯ ನನ್ನಲ್ಲೇ ಇರಲಿ. ಪ್ಲಾಸ್ಟಿಕ್ ಗೊಬ್ಬರ ಚೀಲದಲ್ಲೂ ಮಾಡಿ ನೋಡಿದೆ. ಬೆವೆತು ಬೆನ್ನು ಕೆಂಪಾಯಿತು, ಎಸೆದೆ.

ಎಲ್ಲ ಸೇರಿ 33 ಸಾವಿರದ ಆಸುಪಾಸು. ಅದರಲ್ಲಿ ಎರಡನೇ ಸ್ಲಿಂಗಿನ ನಾಲ್ಕು ಸಾವಿರ ಮೊದಲ ದಿನವೇ ಹಾಕಬೇಕಿತ್ತು. ಮಳೆಗಾಲದಲ್ಲಿ ಒಗೆದದ್ದು ಎರಡು ದಿನವಾದರೂ ಒಣಗುವುದಿಲ್ಲ, ಆ ಎರಡು ದಿನ ಅಮ್ಮ ಜಗಲಿಗೆ ಬರಲಾಗದೆ ಮಲಗಿಯೇ ಇದ್ದರು.