ಇಸ್ಪೀಟು ಕಟ್ಟು ಹರಿಯುವುದು: ಎಲೆಯ ಆಯ್ಕೆಯಿಂದ ಪೂರ್ತಿ 52ರವರೆಗೆ

ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರಿಗೆ, ಜೋಳದ ಚೀಲ ಹೊತ್ತು ಓಡುವವರಿಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಬರವಿಲ್ಲ. ಅಂಥ ಗಟ್ಟಿಗರ ಕೈಗೂ ಒಂದು ಇಸ್ಪೀಟು ಕಟ್ಟು ಕೊಟ್ಟು ಹರಿಯಲು ಹೇಳಿ ನೋಡಿ: ಮೊದಲ ಸಲ ಎಲೆಗಳು ಕೈಯಲ್ಲೇ ಜಾರಿ ಹರಡಿಕೊಳ್ಳುತ್ತವೆ, ಕಟ್ಟು ಹಾಗೇ ಉಳಿಯುತ್ತದೆ. ತೋಳಿನ ದಪ್ಪ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಎಲೆಗಳು ಒಂದರ ಮೇಲೊಂದು ಜಾರದಂತೆ ಅದುಮಿ ಹಿಡಿಯುವುದು, ಹಿಡಿತ ಸಡಿಲಿಸದೆ ಮೊದಲ ಅಂಚನ್ನು ಒಡೆಯುವುದು, ಇವೆರಡು ಬಂದವರಿಗೆ ಉಳಿದದ್ದು ತಾನಾಗಿ ಬರುತ್ತದೆ.

ಮೊದಲು ಎಲೆ ನೋಡಿಕೊಳ್ಳಿ. ಮೂರು ಬಗೆ ಸಿಗುತ್ತವೆ. ಕಿರಾಣಿ ಅಂಗಡಿಯ ಅಗ್ಗದ ಕಾಗದದ ಎಲೆ ತೆಳು, ಮೆತ್ತಗೆ. ಕಲಿಯಲು ಇದೇ ಸರಿ. ಮೇಲೆ ಪ್ಲಾಸ್ಟಿಕ್ ಲೇಪನ ಇರುವ ಕಾಗದದ ಎಲೆ ಎರಡನೆಯದು. ಬೈಸಿಕಲ್ ಬ್ರ್ಯಾಂಡಿನಂಥ ಒಳ್ಳೆಯ ಕಟ್ಟುಗಳು ಈ ಜಾತಿಯವು. ಕಾಗದ ಗಟ್ಟಿ, ಮೈ ನುಣುಪು, ಹಾಗಾಗಿ ಹರಿಯುವುದೂ ಕಷ್ಟ, ಜಾರುವುದೂ ಹೆಚ್ಚು. ಮೂರನೆಯದು ಅಪ್ಪಟ ಪ್ಲಾಸ್ಟಿಕ್ ಎಲೆ. ಅದರ ತಂಟೆಗೇ ಹೋಗಬೇಡಿ. ಅದು ಹರಿಯುವುದಿಲ್ಲ, ಹಿಗ್ಗುತ್ತದೆ, ಕೊನೆಗೆ ಮಣಿಕಟ್ಟು ಉಳುಕುತ್ತದೆ. ಗುರುತಿಸಲು ಕಟ್ಟಿನ ಜೋಕರನ್ನು ತೆಗೆದು ಮೂಲೆಯಲ್ಲಿ ಹರಿಯಿರಿ. ಹರಿದ ಅಂಚಿನಲ್ಲಿ ನಾರು ಕಂಡರೆ ಕಾಗದ. ನಾರಿಲ್ಲದೆ ಎಳೆದುಕೊಂಡು ಬೆಳ್ಳಗಾದರೆ ಪ್ಲಾಸ್ಟಿಕ್.

ಇನ್ನೊಂದು ಜೋಕರನ್ನು ಉದ್ದಕ್ಕೂ ಅಡ್ಡಕ್ಕೂ ಒಂದೊಂದು ಇಂಚು ಹರಿದು ನೋಡಿ. ಒಂದು ದಿಕ್ಕಿನಲ್ಲಿ ಗೆರೆ ಎಳೆದಷ್ಟು ನೇರ ಹೋಗುತ್ತದೆ, ಇನ್ನೊಂದರಲ್ಲಿ ಸೊಟ್ಟ ತಿರುಗುತ್ತದೆ. ಕಾಗದದ ನಾರು ಓಡುವ ದಿಕ್ಕು ನೇರ ಹರಿದದ್ದು. ಅಡ್ಡಕ್ಕೆ ನೇರ ಹರಿಯುವ ಕಟ್ಟು ಸಿಕ್ಕರೆ ಕಲಿಕೆಗೆ ಅದನ್ನೇ ಇಟ್ಟುಕೊಳ್ಳಿ.

ಹವೆಯ ಲೆಕ್ಕವೂ ಇದೆ. ಒಣಗಿದ ಕಾಗದ ಗರಿಗರಿಯಾಗಿ ಬೇಗ ಒಡೆಯುತ್ತದೆ. ತೇವ ಹಿಡಿದ ಕಾಗದದ ನಾರು ಬಗ್ಗುತ್ತದೆ, ಹರಿಯಲು ಮೊಂಡಾಟ ಮಾಡುತ್ತದೆ. ಪ್ರದರ್ಶನಕ್ಕೆ ಮೊದಲು ಕಟ್ಟನ್ನು ಓವನ್ನಿನಲ್ಲಿ ಒಣಗಿಸಿ ತರುವ ಕಳ್ಳಾಟ ಇದೇ ಕಾರಣಕ್ಕೆ. ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿಟ್ಟ ಕಟ್ಟಿಗೆ ಓವನ್ನೇ ಬೇಡ. ಬೇಸಿಗೆಯಲ್ಲಿ 45 ಎಲೆ ಹರಿದವರು ಶ್ರಾವಣದ ಜಿಟಿಜಿಟಿಯಲ್ಲಿ 38ಕ್ಕೆ ನಿಂತರೆ ಕೈ ಸೋತಿತೆಂದು ತಿಳಿಯಬೇಡಿ, ಎಲೆ ಬದಲಾಗಿದೆ.

ಈಗ ಹಿಡಿತ. ಇಲ್ಲಿ ಹೇಳುವುದು ಬಲಗೈಯವರಿಗೆ. ಎಡಚರು ಎಡ-ಬಲ ತಿರುಗಿಸಿಕೊಳ್ಳಿ.

ಎಲೆಗಳನ್ನು ಮೇಜಿನ ಮೇಲೆ ನಾಲ್ಕೂ ಕಡೆ ತಟ್ಟಿ ಅಂಚು ಸಮ ಮಾಡಿ. ಸಾಮಾನ್ಯ ದೊಡ್ಡ ಎಲೆ 88 ಮಿ.ಮೀ. ಉದ್ದ, 63 ಮಿ.ಮೀ. ಅಗಲ; ಒಳ್ಳೆಯ ಕಟ್ಟಿನ 52 ಎಲೆ ಸೇರಿದರೆ ಸುಮಾರು 15 ಮಿ.ಮೀ. ದಪ್ಪ. ಬ್ರಿಜ್ ಆಟದ ಅಳತೆಯ ಕಟ್ಟು 57 ಮಿ.ಮೀ. ಅಗಲ, ಕೈ ಸಣ್ಣದಿದ್ದವರಿಗೆ ಅದು ಅನುಕೂಲ. ಕಟ್ಟನ್ನು ಉದ್ದಕ್ಕೆ ನಿಲ್ಲಿಸಿ, ಹೊಟ್ಟೆಯ ಮೇಲ್ಭಾಗದ ಎತ್ತರದಲ್ಲಿ ಹಿಡಿಯಿರಿ, ಮೊಣಕೈ ಪಕ್ಕೆಗೆ ತಾಗಿರಲಿ. ಕೆಳಗಿನ ಅರ್ಧ ಎಡಗೈಯಲ್ಲಿ: ನಿಮ್ಮ ಕಡೆಯ ಮುಖಕ್ಕೆ ಹೆಬ್ಬೆರಳ ಬುಡದ ಉಬ್ಬು, ಹಿಂದಿನ ಮುಖಕ್ಕೆ ನಾಲ್ಕು ಬೆರಳು. ಬೆರಳುಗಳು ಎಡ ಅಂಚನ್ನು ಸುತ್ತಿ ಹಿಂದಿನಿಂದ ಬಲ ಅಂಚಿನವರೆಗೆ ಮುಟ್ಟಬೇಕು. ಬಲಗೈ ಮೇಲಿನಿಂದ ಬಂದು ಮೇಲರ್ಧವನ್ನು ಹಾಗೆಯೇ ಕಚ್ಚಬೇಕು, ಅದರ ಉಬ್ಬು ಬಲ ಅಂಚಿನ ಮೇಲೆ, ಬೆರಳ ತುದಿಗಳು ಹಿಂದೆ ಎಡ ಅಂಚಿನ ಕಡೆ. ಎರಡೂ ಹೆಬ್ಬೆರಳು ನಡುವಿನಲ್ಲಿ ಅಕ್ಕಪಕ್ಕ. ಎರಡು ಕೈಗಳ ನಡುವೆ ಕಾಣುವ ಕಟ್ಟು ಅರ್ಧ ಇಂಚು ಮೀರಬಾರದು.

ಮೊದಲು ಅದುಮಿ. ಏನನ್ನೂ ತಿರುಗಿಸದೆ ಎರಡು ಎಣಿಕೆಯಷ್ಟು ಹೊತ್ತು ಬರೀ ಅದುಮಿ. ಆತುರದವರು ಈ ಹಂತವನ್ನೇ ಹಾರಿಸುತ್ತಾರೆ, ಎಲೆ ಜಾರುವುದು ಅಲ್ಲೇ. ಅದುಮಿದ ಮೇಲೆ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ: ಬಲಗೈಯ ಉಬ್ಬು ಮೇಲರ್ಧದ ಬಲ ಅಂಚನ್ನು ಮುಂದಕ್ಕೆ ನೂಕುತ್ತದೆ, ಎಡಗೈ ಬೆರಳುಗಳು ಕೆಳಗಿನ ಅರ್ಧದ ಬಲ ಅಂಚನ್ನು ನಿಮ್ಮ ಕಡೆಗೆ ಎಳೆಯುತ್ತವೆ. ಮೇಲಿನಿಂದ ನೋಡಿದರೆ ಕಟ್ಟು ಎಸ್ ಆಕಾರಕ್ಕೆ ಬಂದಿರಬೇಕು. ಎಡಗೈ ಇಕ್ಕಳದ ಕೆಲಸ ಮಾಡುತ್ತದೆ, ಅಲುಗಬಾರದು; ತಿರುಗುವುದು ಬಲ ಮಣಿಕಟ್ಟು, ಮುಂಗೈ.

ಒಡೆಯುವ ಗಳಿಗೆಯನ್ನು ಕಣ್ಣಿಟ್ಟು ನೋಡಿ. ಬಲ ಅಂಚಿನಲ್ಲಿ ಮೊದಲು ನಾಲ್ಕೈದು ಎಲೆಗಳ ಬಣ್ಣ ಬಿರಿದು ಬಿಳಿ ನಾರು ಇಣುಕುತ್ತದೆ. ಸಣ್ಣಗೆ ಚರ್ ಅನ್ನುತ್ತದೆ. ಆಗ ಒತ್ತಡ ಬಿಟ್ಟರೆ ಕೆಟ್ಟಿತು, ಎಲೆಗಳ ಅಂಚು ಹಿಂದೆ ಮುಂದೆ ಸರಿದು ಮತ್ತೆ ಒಂದಕ್ಕೊಂದು ಕೂಡುವುದಿಲ್ಲ. ಬಿಗಿ ಹಾಗೇ ಇಟ್ಟು ಇನ್ನಷ್ಟು ತಿರುಚಿ, ಸೀಳು ಎಲ್ಲ ಎಲೆಗೂ ದಾಟಿ ಅರ್ಧ ಇಂಚು ಒಳಗೆ ಬರಲಿ. ಅತಿ ಹೆಚ್ಚು ಬಲ ಬೇಕಾದದ್ದು ಇಷ್ಟಕ್ಕೆ ಮಾತ್ರ. ಆಮೇಲೆ ಬಲಗೈಯ ಉಬ್ಬನ್ನು ಸೀಳಿನ ಬುಡಕ್ಕೆ ಸರಿಸಿಕೊಂಡು ಸಣ್ಣ ಸಣ್ಣ ತಿರುಚಿನಲ್ಲಿ ಮುಂದುವರಿಯಿರಿ. ಜೋರಾಗಿ ಒಮ್ಮೆಲೇ ಎಳೆದರೆ ಹೊರಗಿನ ಎಲೆಗಳಷ್ಟೇ ಕಿತ್ತು ಬರುತ್ತವೆ, ಒಳಗಿನವು ಮಡಚಿಕೊಳ್ಳುತ್ತವೆ.

ತಪ್ಪು ಎಲ್ಲಿದೆ ಎನ್ನುವುದನ್ನು ಕಟ್ಟೇ ತೋರಿಸುತ್ತದೆ. ಎಲೆಗಳು ಹರಡಿದರೆ ಹಿಡಿತ ಬೆರಳ ತುದಿಯಲ್ಲಿದೆ, ಉಬ್ಬು ಕೆಲಸ ಮಾಡುತ್ತಿಲ್ಲ. ಕಟ್ಟು ನಡುವೆ ಬಾಗಿ ಮಡಿಕೆ ಬಿದ್ದರೆ ಕೈಗಳು ದೂರ ಇವೆ, ಅಥವಾ ತಿರುಚುವ ಬದಲು ಬಗ್ಗಿಸುತ್ತಿದ್ದೀರಿ. ಸೀಳು ನೇರ ಹೋಗದೆ ಮೂಲೆಯ ಕಡೆ ಓಡಿದರೆ ಒಂದು ಕೈ ನಡುವಿನಿಂದ ದೂರ ಸರಿದಿದೆ. ಒಂದು ಮುಖದ ಎಲೆ ಹರಿದು ಇನ್ನೊಂದು ಮುಖದವು ಉಳಿದರೆ ನಿಮ್ಮ ಬಲಕ್ಕೆ ಕಟ್ಟು ದಪ್ಪವಾಯಿತು ಅಷ್ಟೆ, ಐದು ಎಲೆ ಇಳಿಸಿ. ಬೆವರಿದ ಕೈಗೆ ಕೇರಂ ಪೌಡರ್ ಹಚ್ಚುವವರಿದ್ದಾರೆ. ಅದು ಜಾರಿಸುವ ಪುಡಿ. ಜಿಮ್‌ನಲ್ಲಿ ಸಿಗುವ ಮೆಗ್ನೀಸಿಯಂ ಚಾಕ್ ಚಿಟಿಕೆ ಸಾಕು, ಇಲ್ಲವಾದರೆ ಒಣ ಟವೆಲ್. ಕುಸ್ತಿ ಅಖಾಡದ ಮಣ್ಣು ಇಲ್ಲಿ ಬೇಡ, ಹರಳು ಎಲೆಗಳ ನಡುವೆ ಸೇರುತ್ತದೆ.

ಶುರು 15 ಎಲೆಯಿಂದ. ಒಂದು ಕಟ್ಟಿನಲ್ಲಿ ಅಂಥ ಮೂರು ಸಲದ ಕೆಲಸ ಆಗುತ್ತದೆ. ಅದೇ ಸಂಖ್ಯೆಯನ್ನು ಮೂರೂ ಸಲ ತಡೆಯಿಲ್ಲದೆ ಹರಿದರೆ ಮುಂದಿನ ಸಲಕ್ಕೆ ಎರಡು ಎಲೆ ಏರಿಸಿ. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. 30 ದಾಟಿದ ಮೇಲೆ ಏರಿಕೆ ನಿಧಾನವಾಗುತ್ತದೆ, ಏಕೆಂದರೆ ದಪ್ಪ ಹೆಚ್ಚಿದಷ್ಟೂ ಬೆರಳು ತೆರೆದುಕೊಂಡು ಹಿಡಿತದ ಬಲವೇ ಇಳಿಯುತ್ತದೆ. ಆ ಹಂತದಲ್ಲಿ ವಾರಕ್ಕೆ ಒಂದೇ ಎಲೆ ಏರಿದರೂ ಒಳ್ಳೆಯ ಪ್ರಗತಿ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಅಭ್ಯಾಸಕ್ಕೆ ಚೆನ್ನಾಗಿ ಆಗುತ್ತದೆ, ಎಲೆಯ ಅಳತೆಗೆ ಕತ್ತರಿಸಿಕೊಳ್ಳಿ. ದೇವರ ಚಿತ್ರ ಇರುವ ಭಾಗವನ್ನು ಮೊದಲೇ ಬೇರೆ ತೆಗೆದಿಟ್ಟರೆ ಮನೆಯ ಹಿರಿಯರ ಬೈಗುಳ ತಪ್ಪುತ್ತದೆ.

ಹರಿಯದ ದಿನಗಳಲ್ಲಿ ಕೈಯ ಬಲ ಬೆಳೆಸಬೇಕು. ಎಲ್ಲಕ್ಕಿಂತ ಹತ್ತಿರದ ವ್ಯಾಯಾಮ ಒದ್ದೆ ಡೆನಿಮ್ ಹಿಂಡುವುದು. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಉಳಿಕೆ ತುಂಡುಗಳಿಗೆ ಕೊರತೆ ಇಲ್ಲ. ಹಳೆಯ ಪ್ಯಾಂಟಿನ ಒಂದು ಕಾಲಾದರೂ ನಡೆಯುತ್ತದೆ. ನೀರಲ್ಲಿ ಅದ್ದಿ, ಹನಿ ನಿಲ್ಲುವವರೆಗೆ ಒಂದು ಕಡೆಗೆ, ಮತ್ತೆ ಅದ್ದಿ ಇನ್ನೊಂದು ಕಡೆಗೆ. ಹೀಗೆ ಐದು ಸುತ್ತು. ಹೆಬ್ಬೆರಳಿಗೆ ಎರಡು 5 ಕೆ.ಜಿ. ಪ್ಲೇಟುಗಳನ್ನು ನುಣುಪು ಮುಖ ಹೊರಗೆ ಬರುವಂತೆ ಜೋಡಿಸಿ ಬರೀ ಚಿಮುಟಿ ಹಿಡಿದು 15 ಸೆಕೆಂಡು, ಒಂದೊಂದು ಕೈಗೆ ಮೂರು ಸಲ. ಜಿಮ್ ಇಲ್ಲದವರಿಗೆ ಇಟ್ಟಿಗೆ ಇದೆ. ಮುಂಗೈಯ ತಿರುವಿಗೆ ಸುತ್ತಿಗೆಯ ಹಿಡಿಯ ತುದಿ ಹಿಡಿದು ಎಡಕ್ಕೂ ಬಲಕ್ಕೂ ನಿಧಾನವಾಗಿ ಮಲಗಿಸಿ ಎಬ್ಬಿಸುವುದು, ಹತ್ತು ಹತ್ತು ಸಲ. ಗದೆ ತಿರುಗಿಸಿ ಪಳಗಿದ ಗರಡಿಯ ಹುಡುಗರಿಗೆ ಇದು ಬೇಗ ಒಲಿಯುತ್ತದೆ.

ಅಂಗೈಯಲ್ಲಿ ಹಿಡಿದು ಅದುಮಿ ಮುಚ್ಚುವ ಸ್ಪ್ರಿಂಗಿನ ಗ್ರಿಪ್ಪರ್ ಉಪಯೋಗವಿದೆ, ಆದರೆ ಅದರ ಹಿಂದೆ ಬೀಳುವ ಅಗತ್ಯವಿಲ್ಲ. ಕ್ಯಾಪ್ಟನ್ಸ್ ಆಫ್ ಕ್ರಷ್ ಬ್ರ್ಯಾಂಡಿನ ಗ್ರಿಪ್ಪರುಗಳಲ್ಲಿ ಮುಚ್ಚಲು ಬೇಕಾದ ಬಲ ನಂಬರ್ 1 ಅಂದರೆ 140 ಪೌಂಡು, ನಂಬರ್ 2 ಅಂದರೆ 195 ಪೌಂಡು. ನಂಬರ್ 1 ಅನ್ನು ಹತ್ತು ಸಲ ಪೂರ್ತಿ ಮುಚ್ಚುವ ಕೈಗೆ, ತಿರುಚುವ ವರಸೆ ಗೊತ್ತಿದ್ದರೆ, ಅಗ್ಗದ ಕಟ್ಟು ದೂರವಿಲ್ಲ. ವರಸೆ ಗೊತ್ತಿಲ್ಲದಿದ್ದರೆ ನಂಬರ್ 2 ಮುಚ್ಚಿಯೂ ಕಟ್ಟಿನ ಮುಂದೆ ನಿಲ್ಲಬೇಕಾಗುತ್ತದೆ.

ಇಷ್ಟೆಲ್ಲ ಮುಚ್ಚುವ ಕೆಲಸದ ಜೊತೆ ತೆರೆಯುವ ಕೆಲಸವೂ ನಡೆಯಬೇಕು, ಇಲ್ಲದಿದ್ದರೆ ಮೊಣಕೈ ಕೂಗುತ್ತದೆ. ಹಳೆಯ ಸೈಕಲ್ ಟ್ಯೂಬಿನಿಂದ ಬೆರಳಗಲದ ಬಳೆ ಕತ್ತರಿಸಿ ಐದೂ ಬೆರಳಿಗೆ ಹಾಕಿ ಅಗಲಿಸಿ, 25 ಸಲ, ಮೂರು ಸುತ್ತು, ಹರಿದ ದಿನವೂ ಬಿಡಬೇಡಿ. ಉಬ್ಬಿನ ಚರ್ಮ ಕೆಂಪಾಗುವುದು, ಮುಂಗೈ ಬಿಗಿಯುವುದು ಸಹಜ. ಮೊಣಕೈ ಒಳಮೂಲೆಯಲ್ಲಿ ಚುಚ್ಚು ನೋವು, ಹೆಬ್ಬೆರಳ ಬುಡದ ಕೀಲಿನಲ್ಲಿ ನೋವು, ಬೆರಳಲ್ಲಿ ಜುಮು ಬಂದರೆ ಹರಿಯುವುದನ್ನು ನಿಲ್ಲಿಸಿ. ಎರಡು ವಾರದಲ್ಲಿ ಹೋಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಹೊಸ ಎಲೆಯ ಅಂಚು ಚರ್ಮ ಕೊಯ್ಯುತ್ತದೆ, ಕೊಯ್ದ ಕೈಯಲ್ಲಿ ಮುಂದುವರಿಸಬೇಡಿ, ರಕ್ತ ತಾಗಿದ ಎಲೆ ಜಾರುತ್ತದೆ.

ಅಂಚುಗಳನ್ನು ಸ್ವಲ್ಪ ಓರೆಯಾಗಿ ಮೆಟ್ಟಿಲು ಮಾಡಿಕೊಂಡರೆ ಎಲೆಗಳು ಒಂದಾದ ಮೇಲೊಂದು ಒಡೆಯುತ್ತವೆ, ಒಮ್ಮೆಗೆ ಬೇಕಾದ ಬಲ ಇಳಿಯುತ್ತದೆ. 40ರ ಆಸುಪಾಸಿನಲ್ಲಿ ಸಿಕ್ಕಿಹಾಕಿಕೊಂಡವರು ಅಭ್ಯಾಸಕ್ಕೆ ಇದನ್ನು ಬಳಸಲಿ, ತಪ್ಪಿಲ್ಲ. ಕಾರ ಹುಣ್ಣಿಮೆಯ ಹಬ್ಬದಲ್ಲೋ ಊರ ಜಾತ್ರೆಯಲ್ಲೋ ನಾಲ್ಕು ಜನರ ಮುಂದೆ ಹರಿಯುವುದಾದರೆ ಅಂಚು ಸಮವಿರಲಿ, ಕಟ್ಟನ್ನು ತೊಡೆಗೆ ಒತ್ತಿಕೊಳ್ಳಬೇಡಿ, ಸೀಲು ಒಡೆಯದ ಪೊಟ್ಟಣವನ್ನು ನೋಡುಗರಲ್ಲಿ ಒಬ್ಬರ ಕೈಯಿಂದಲೇ ಬಿಚ್ಚಿಸಿ. ಆ ಪೊಟ್ಟಣ ಯಾವ ಬಗೆಯದೆಂದು ಮೊದಲೇ ಖಚಿತ ಮಾಡಿಕೊಂಡಿರಿ, ಅದೇ ಬಗೆಯದನ್ನು ಮನೆಯಲ್ಲಿ ಹರಿದಿರಿ. ಹರಿದ ಅರ್ಧಗಳನ್ನು ಮತ್ತೆ ಅರ್ಧ ಮಾಡುವ ಆಸೆ ಹುಟ್ಟಿದರೆ ಗೊತ್ತಿರಲಿ: ದಪ್ಪ ಅಷ್ಟೇ ಇರುತ್ತದೆ, ಹಿಡಿಯಲು ಸಿಗುವುದು 44 ಮಿ.ಮೀ. ಮಾತ್ರ. ಅದಕ್ಕೆ ಮತ್ತೆ 15 ಅರ್ಧ ಎಲೆಯಿಂದಲೇ ಶುರು ಮಾಡಬೇಕು.